ನೈಸಾಗಿ ರುಬ್ಬಿಸಿಕೊಂಡ ಪದ

ಮೊನ್ನೆ ಭಾನುವಾರ ಇಡ್ಲಿಗೆ ರುಬ್ಬುವ ಕೆಲಸ ನನ್ನ ತಲೆಗೆ ಬಂದಿತ್ತು. ಅಮ್ಮ ಒಳಗಿನಿಂದಲೇ ಕೂಗಿದರು. "ಉದ್ದು ನೈಸಾಗಿರಲಿ ಕಣೋ, ಅಕ್ಕಿ ಮಾತ್ರ ಸ್ವಲ್ಪ ತರಿತರಿ ಇರಬೇಕು." ಇತ್ತ ಮಗಳು ಮುಖ ಸಿಂಡರಿಸಿಕೊಂಡು ಇಂಗ್ಲಿಷ್ ಪ್ರಬಂಧ ತಿದ್ದುತ್ತಿದ್ದಳು. ಒಂದೇ ಪುಟದಲ್ಲಿ ನಾಲ್ಕು ಸಲ 'ನೈಸ್' ಬರೆದಿದ್ದಾಳೆ, ನಾಲ್ಕಕ್ಕೂ ಟೀಚರ್ ಕೆಂಪು ಗೆರೆ ಎಳೆದಿದ್ದಾರೆ. "ನೈಸ್ ಅಂದ್ರೆ ಏನಪ್ಪಾ ತಪ್ಪು?" ಅಂತ ಕೇಳಿದಳು. ತಪ್ಪೇನಿಲ್ಲ ಮಗಳೇ, ಆದರೆ ಆ ಪದದ ಜಾತಕ ಸ್ವಲ್ಪ ವಿಚಿತ್ರವಾಗಿದೆ.

ಅದರ ಬೇರು ಲ್ಯಾಟಿನ್‌ನ 'ನೆಸ್ಕಿಯುಸ್'. 'ನೆ' ಅಂದರೆ ಇಲ್ಲ, 'ಸ್ಕಿರೆ' ಅಂದರೆ ತಿಳಿ. ಒಟ್ಟಿನಲ್ಲಿ ಏನೂ ತಿಳಿಯದವನು. ತಮಾಷೆ ಅಂದರೆ 'ಸೈನ್ಸ್' ಹುಟ್ಟಿದ್ದೂ ಇದೇ 'ಸ್ಕಿರೆ'ಯಿಂದ. ಹಳೆಯ ಫ್ರೆಂಚ್ ದಾರಿ ಹಿಡಿದು ಸುಮಾರು 1300ರ ಹೊತ್ತಿಗೆ ಇಂಗ್ಲಿಷ್‌ಗೆ ಬಂದಾಗ 'ನೈಸ್' ಅಂದರೆ ಪೆದ್ದ ಅಂತಲೇ ಅರ್ಥ. ಆಗ ಯಾರನ್ನಾದರೂ ನೀನು ತುಂಬಾ ನೈಸ್ ಅಂದಿದ್ದರೆ ಜಗಳ ಗ್ಯಾರಂಟಿ.

ಆಮೇಲೆ ಅದು ಒಂದೊಂದೇ ಮೆಟ್ಟಿಲು ಹತ್ತಿತು. ಪೆದ್ದ ಅನ್ನುವುದು ಅಂಜುಬುರುಕ, ನಾಚಿಕೆಯವನು ಅಂತಾಯಿತು, ಅಲ್ಲಿಂದ ಎಲ್ಲದರಲ್ಲೂ ಕೊಂಕು ತೆಗೆಯುವವನು. ಎಲ್ಲದಕ್ಕೂ ಕೊಂಕು ತೆಗೆಯಬೇಕಾದರೆ ಸೂಕ್ಷ್ಮವಾಗಿ ನೋಡಬೇಕಲ್ವಾ, ಹಾಗಾಗಿ 16ನೇ ಶತಮಾನದಲ್ಲಿ ಸೂಕ್ಷ್ಮ, ಕರಾರುವಾಕ್ಕು ಅನ್ನುವ ಅರ್ಥ ಅಂಟಿಕೊಂಡಿತು. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಂಗ್ಲಿಷಿನವರು ಇವತ್ತಿಗೂ 'ನೈಸ್ ಡಿಸ್ಟಿಂಕ್ಷನ್' ಅನ್ನುತ್ತಾರೆ, ಆ ಹಳೇ ಅರ್ಥದ ಗುರುತು ಅದು. ಚೆನ್ನಾಗಿದೆ, ಹಿತವಾಗಿದೆ ಅನ್ನುವ ಈಗಿನ ಅರ್ಥ ಬಂದದ್ದು 18ನೇ ಶತಮಾನದಲ್ಲಿ. ಬಂದದ್ದೇ ತಡ, ಜನ ಅದನ್ನು ಎಲ್ಲದಕ್ಕೂ ಬಳಸಿ ಸವೆಸಿಬಿಟ್ಟರು. 1817ರ ಕೊನೆಗೆ ಹೊರಬಂದ ಜೇನ್ ಆಸ್ಟಿನ್ ಅವರ 'ನಾರ್ಥ್ಯಾಂಗರ್ ಆ್ಯಬಿ' ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಅನ್ನುವ ಪಾತ್ರ ಹವೆಗೂ ನೈಸ್, ವಾಕಿಂಗಿಗೂ ನೈಸ್, ಹುಡುಗಿಯರಿಗೂ ನೈಸ್ ಅಂತ ಗೇಲಿ ಮಾಡುತ್ತಾನೆ. ಅಂದರೆ ನನ್ನ ಮಗಳ ಟೀಚರ್ ಎಳೆದ ಕೆಂಪು ಗೆರೆಗೆ ಇನ್ನೂರು ವರ್ಷ ದಾಟಿದೆ. ('ಸಿಲ್ಲಿ' ಪದದ್ದು ಉಲ್ಟಾ ಕಥೆ. ಮೊದಲು ಧನ್ಯ, ಸುಖಿ ಅಂತಿದ್ದದ್ದು ಜಾರುತ್ತಾ ಜಾರುತ್ತಾ ಪೆದ್ದ ಆಯಿತು.)

ಇದೆಲ್ಲ ಇಂಗ್ಲಿಷಿನವರ ಚಾಳಿ ಅಂದುಕೊಳ್ಳಬೇಡಿ. ನಾವು ಪ್ರೀತಿಯಿಂದ ಹೇಳುವ 'ಮುಗ್ಧ' ಮತ್ತು ಬೈಯುವ 'ಮೂಢ' ಎರಡೂ ಸಂಸ್ಕೃತದ ಒಂದೇ ಧಾತುವಿನ ಮಕ್ಕಳು. ದಿಕ್ಕು ತೋಚದೆ ನಿಂತವನು ಅನ್ನುವ ಅರ್ಥದಿಂದ ಒಬ್ಬ ಮೇಲೆ ಹೋದ, ಇನ್ನೊಬ್ಬ ಕೆಳಗೇ ಉಳಿದ.

ಆದರೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಈ ಪದ ನಮ್ಮ ಕೈಗೆ ಸಿಕ್ಕಮೇಲೆ ಆಗಿರುವ ಅವತಾರ. ಹಿಟ್ಟು ನೈಸಾಗಿರಬೇಕು. ಸೀರೆ ನೈಸಾಗಿದೆ, ಮೈಮೇಲೆ ನಿಲ್ಲಲ್ಲ, ಜಾರುತ್ತೆ. ಬಿಲ್ ಬಂದ ಹೊತ್ತಿಗೆ ಗೆಳೆಯ ಫೋನ್ ಕಿವಿಗಿಟ್ಟುಕೊಂಡು ನೈಸಾಗಿ ಜಾರಿಕೊಂಡ. ಕೆಲಸ ಆಗಬೇಕಾದರೆ ಸಾಹೇಬರನ್ನು ಸ್ವಲ್ಪ ನೈಸ್ ಮಾಡಬೇಕು. ಈ ನಾಲ್ಕರಲ್ಲಿ ಒಂದನ್ನೂ ಲಂಡನ್‌ನವನು ಹೀಗೆ ಬಳಸಲ್ಲ. ದಿನನಿತ್ಯದ ಮಾತಿನಲ್ಲಿ ಅವನಿಗೆ ನೈಸ್ ಅಂದರೆ ಚೆನ್ನಾಗಿದೆ, ಅಷ್ಟೇ. ಹಿಟ್ಟಿಗೆ ಅವನು 'ಫೈನ್' ಅಂತಾನೆ.

ನಮಗೆ ಈ ಅರ್ಥಗಳು ಎಲ್ಲಿಂದ ಬಂದವು? ನನ್ನ ಗುಮಾನಿ 'ನಯ'ದ ಮೇಲೆ. ಕನ್ನಡದ 'ನಯ' ನೋಡಿ. ಬಟ್ಟೆ ನಯವಾಗಿದೆ ಅಂದರೆ ಮುಟ್ಟಿದರೆ ಮೆತ್ತಗೆ, ನುಣುಪು. ನಯವಾಗಿ ಮಾತಾಡು ಅಂದರೆ ಮರ್ಯಾದೆಯಿಂದ. ಅದೇ ನಯ 'ನಯವಂಚಕ'ನ ಜೊತೆಯೂ ಸೇರಿಕೊಂಡು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮೋಸ ಮಾಡುತ್ತದೆ. ನುಣುಪು, ವಿನಯ, ಕಳ್ಳಾಟ, ಮೂರೂ ಒಂದೇ ಪದದಲ್ಲಿ ಮೊದಲೇ ಇದ್ದವು. ಕಿವಿಗೆ ಸುಮಾರು ಅದರ ಹಾಗೇ ಕೇಳುವ 'ನೈಸ್' ಬಂತು, ನಾವು ನಯದ ಸಾಮಾನನ್ನೆಲ್ಲ ಅದರ ಮನೆಗೆ ಸಾಗಿಸಿಬಿಟ್ಟೆವು. ಇದಕ್ಕೆ ನನ್ನ ಹತ್ತಿರ ಪುರಾವೆ ಕೇಳಬೇಡಿ, ರುಬ್ಬುವಾಗ ಹೊಳೆದ ಯೋಚನೆ ಇದು. (ಬೆಂಗಳೂರಿನ ನೈಸ್ ರೋಡಿಗೂ ಇದಕ್ಕೂ ಸಂಬಂಧವಿಲ್ಲ, ಅದು ಕಂಪನಿಯ ಹೆಸರಿನ ಮೊದಲ ಅಕ್ಷರಗಳು.)

ಇಷ್ಟನ್ನೂ ಮಗಳಿಗೆ ವಿವರಿಸುತ್ತಾ ನಿಂತಿದ್ದೆ. ಅವಳು ಮೊದಲ ಎರಡು ಸಾಲಿಗೇ ಎದ್ದು ಹೋಗಿ 'ಪ್ಲೆಸೆಂಟ್' ಅಂತ ಬರೆದು ಕೆಲಸ ಮುಗಿಸಿದ್ದಳು. ಅಮ್ಮ ಬಂದು ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಮಾತಿನ ಗುಂಗಿನಲ್ಲಿ ಅಕ್ಕಿಯನ್ನೂ ನೈಸ್ ಮಾಡಿಬಿಟ್ಟಿದ್ದೆ. "ಇನ್ನೇನು, ದೋಸೆ ಹುಯ್ಯೋಣ ಬಿಡು" ಅಂದರು.