ನಿನಗೇನಪ್ಪ ಅಷ್ಟು ಸಿಟ್ಟು?

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಕಾಣಿಸಿಕೊಳ್ಳುತ್ತದೆ. ಆ ವರ್ಷ ನಾನು ಮತ್ತೆ ಮತ್ತೆ ಕೇಳಿದ, ಕೇಳಿ ಹೆಂಡತಿಯಿಂದ ಬೈಸಿಕೊಂಡ ಪಂಕ್ ಎಂಬ ಸಿಟ್ಟಿನ ರಾಕ್ ಸಂಗೀತದ ಮತ್ತು ಅದರ ಸಂಬಂಧಿಯಾದ ಇಂಡೀ ರಾಕ್‌ನ ಆಲ್ಬಮ್‌ಗಳ ಪಟ್ಟಿ ಅದು. 2024ರ ಪಟ್ಟಿಯನ್ನು ಅಂಟಿಸಿದ ಸಂಜೆಯೇ ಪಕ್ಕದ ಮನೆಯ ಹಿರಿಯರು ನಮ್ಮ ಪಾರ್ಸೆಲ್ಲೊಂದನ್ನು ಕೊಡಲೆಂದು ಅಡುಗೆಮನೆಯವರೆಗೂ ಬಂದರು. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ, ಕುಹಕವೇನೂ ಇಲ್ಲದೆ, ನಿಜವಾದ ಕುತೂಹಲದಿಂದ ಕೇಳಿದರು: "ಒಳ್ಳೆಯ ಕೆಲಸವಿದೆ, ಸ್ವಂತ ಮನೆಯಿದೆ, ಜಾಣ ಮಗಳಿದ್ದಾಳೆ. ನಿನಗೇನಪ್ಪ ಅಷ್ಟು ಸಿಟ್ಟು?"

ಹಾಗೆ ಕೇಳುವ ಹಕ್ಕು ಅವರಿಗಿದೆ. ಉತ್ತರ ಇಂಗ್ಲೆಂಡಿನ ಲೀಡ್ಸ್‌ನ ಈ ಕೆಂಪಿಟ್ಟಿಗೆಯ ಸಾಲುಮನೆಗಳಲ್ಲಿ ಎರಡು ಸಂಸಾರಗಳಿಗೆ ನಡುವೆ ಒಂದೇ ಗೋಡೆ, ಆದ್ದರಿಂದ ಹನ್ನೊಂದು ವರ್ಷಗಳಿಂದ ನಾನು ಕೇಳಿದ್ದನ್ನೆಲ್ಲ ಅವರೂ ಕೇಳಿದ್ದಾರೆ. ಅದಕ್ಕಿಂತ ಮುಖ್ಯವಾಗಿ, 1976ರ ಡಿಸೆಂಬರ್ 6ರಂದು ಲೀಡ್ಸ್ ಪಾಲಿಟೆಕ್ನಿಕ್‌ನಲ್ಲಿ, ಬ್ರಿಟನ್ನಿನಲ್ಲಿ ಪಂಕ್‌ಗೆ ನಾಂದಿ ಹಾಡಿದ ಸೆಕ್ಸ್ ಪಿಸ್ಟಲ್ಸ್ ತಂಡ ಹಾಡಿದಾಗ ಅವರು ಆ ಸಭಾಂಗಣದಲ್ಲಿದ್ದರು. ಅದಕ್ಕೆ ಕೆಲವೇ ದಿನಗಳ ಹಿಂದೆ ಆ ಹುಡುಗರು ಟಿವಿಯ ನೇರಪ್ರಸಾರದಲ್ಲಿ ಆಡಿದ ಹೊಲಸು ಮಾತಿನಿಂದ ಊರೂರುಗಳು ಬಾಗಿಲು ಹಾಕಿಕೊಂಡು, ಆ ಪ್ರವಾಸದ ಬಹುಪಾಲು ಕಾರ್ಯಕ್ರಮಗಳು ರದ್ದಾಗಿದ್ದವು. ಉಳಿದ ಕೆಲವೇ ಊರುಗಳಲ್ಲಿ ಲೀಡ್ಸ್ ಒಂದು, ದ ಕ್ಲ್ಯಾಶ್ ಮತ್ತು ದ ಡ್ಯಾಮ್ಡ್ ತಂಡಗಳೂ ಅದೇ ವೇದಿಕೆಯಲ್ಲಿದ್ದವು. ಇಷ್ಟು ದೊಡ್ಡ ಚರಿತ್ರೆ ಕಣ್ಣೆದುರಿಗೆ ನಡೆಯುತ್ತಿರುವಾಗ ನಮ್ಮ ಹಿರಿಯರು ಕೊನೆಯ ಬಸ್ಸು ತಪ್ಪೀತೆಂದು ಅರ್ಧಕ್ಕೇ ಎದ್ದು ಬಂದರಂತೆ.

ಪಟ್ಟಿಯ ಮೊದಲ ಹೆಸರು ನಮ್ಮೂರಿನದೇ. ಲೀಡ್ಸ್‌ನ ಇಂಗ್ಲಿಷ್ ಟೀಚರ್ ತಂಡದ 'ದಿಸ್ ಕುಡ್ ಬಿ ಟೆಕ್ಸಸ್' ಏಪ್ರಿಲ್‌ನಲ್ಲಿ ಬಂತು, ಸೆಪ್ಟೆಂಬರ್‌ನಲ್ಲಿ, ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯನ್ನೂ ಗೆದ್ದಿತು. 2014ರಲ್ಲಿ ಎಡಿನ್‌ಬರೋದ ಯಂಗ್ ಫಾದರ್ಸ್ ಗೆದ್ದ ಮೇಲೆ ಆ ಪ್ರಶಸ್ತಿ ಲಂಡನ್ ಬಿಟ್ಟು ಹೊರಗೆ ಬಂದದ್ದು ಇದೇ ಮೊದಲು ಎಂದು ಇಲ್ಲಿಯವರು ಬೀಗಿದ ಪರಿಯನ್ನು ನೋಡಿ, ಬೆಂಗಳೂರಿನ ಮೇಲೆ ಹುಬ್ಬಳ್ಳಿಯವರಿಗಿರುವ ಮುನಿಸು ನನಗೆ ನೆನಪಾಯಿತು. ಆದರೆ ನಾನು ಆ ಆಲ್ಬಮ್ಮಿಗೆ ಸೋತದ್ದು ಪ್ರಶಸ್ತಿಗಾಗಿಯಲ್ಲ. ಹಾಡುಗಾರ್ತಿ ಲಿಲಿ ಫೊಂಟೇನ್ ಬೆಳೆದದ್ದು ಲ್ಯಾಂಕಶೈರ್‌ನ ಕಾಲ್ನ್ ಎಂಬ ಸಣ್ಣ ಊರಿನಲ್ಲಿ. ಆ ಊರಿನ ಬೀದಿ, ಅಲ್ಲಿನ ಚಪ್ಪಡಿಕಲ್ಲು, ಅಲ್ಲಿನ ಜನರ ಸಣ್ಣ ದೊಡ್ಡ ಒಣಹೆಮ್ಮೆಗಳೆಲ್ಲ ಹಾಡಾಗಿವೆ. 'ಆರ್ ಅಂಡ್ ಬಿ' ಎಂಬ ಹಾಡಂತೂ ಮಿಶ್ರವರ್ಣದ ಅವಳನ್ನು ನೋಡಿದವರೆಲ್ಲ ಅವಳು ಹಾಡುವುದು ಕಪ್ಪುಜನರ ಸಂಗೀತವೆಂದು ಹೆಸರಾದ ಆರ್ ಅಂಡ್ ಬಿಯನ್ನೇ ಇರಬೇಕೆಂದು ತಾವಾಗಿಯೇ ತೀರ್ಮಾನಿಸಿಬಿಡುವುದರ ಬಗ್ಗೆ. ಕಚೇರಿಯ ಪಾರ್ಟಿಗಳಲ್ಲಿ ಯಾರೋ ನನ್ನತ್ತ ತಿರುಗಿ, ನನಗಿಷ್ಟವೆಂದೇ ನಂಬಿ, ಉಪಕಾರ ಮಾಡುವ ಮುಖದಲ್ಲಿ ಬಾಲಿವುಡ್ ಹಾಡು ಹಾಕುವಾಗಲೆಲ್ಲ ನಾನು ಆ ಹಾಡನ್ನು ಮನಸ್ಸಿನಲ್ಲಿಯೇ ಗುನುಗಿಕೊಳ್ಳುತ್ತೇನೆ.

ಎರಡನೆಯದು ಡಬ್ಲಿನ್‌ನ ಫೊಂಟೇನ್ಸ್ ಡಿ.ಸಿ. ತಂಡದ ನಾಲ್ಕನೆಯ ಆಲ್ಬಮ್ 'ರೊಮ್ಯಾನ್ಸ್'. ಅದರಲ್ಲಿರುವ 'ಸ್ಟಾರ್‌ಬರ್ಸ್ಟರ್' ಹುಟ್ಟಿದ್ದು ಗಾಯಕ ಗ್ರಿಯನ್ ಚ್ಯಾಟನ್‌ಗೆ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಎದೆಬಡಿತ ಏರಿ ದಿಗಿಲು ಹತ್ತಿದ ಒಂದು ಗಳಿಗೆಯಿಂದ. ಪಲ್ಲವಿಯ ನಡುವೆ ಅವನು ಮುಳುಗುತ್ತಿರುವವನಂತೆ ಜೋರಾಗಿ ಉಸಿರೆಳೆದುಕೊಳ್ಳುತ್ತಾನೆ, ಆ ಉಸಿರೇ ಹಾಡಿನ ತಾಳವಾಗಿಬಿಡುತ್ತದೆ. ಈ ಆಲ್ಬಮ್ ಕೈಗೆ ಬಂದದ್ದು ಆಗಸ್ಟ್ 23ರಂದು. ಅದೇ ತಿಂಗಳ ಮೊದಲ ವಾರದಲ್ಲಿ, ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಕೊಲೆಯಾದ ಬಳಿಕ ಹಬ್ಬಿದ ಸುಳ್ಳುಸುದ್ದಿಯಿಂದಾಗಿ ಇಂಗ್ಲೆಂಡಿನ ಹಲವು ಊರುಗಳಲ್ಲಿ ವಲಸಿಗರ ವಿರುದ್ಧ ಗಲಭೆಗಳೆದ್ದಿದ್ದವು. ನಮ್ಮಿಂದ ಹೆಚ್ಚೇನೂ ದೂರವಿಲ್ಲದ ರಾದರಮ್ ಬಳಿ ಆಶ್ರಯ ಬೇಡಿ ಬಂದವರು ತಂಗಿದ್ದ ಹೋಟೆಲಿನ ಮೇಲೆಯೇ ಗುಂಪು ದಾಳಿ ಮಾಡಿತ್ತು. ಆ ವಾರ ನಾನು ರೈಲು ಹತ್ತಲಿಲ್ಲ, ಮಗಳನ್ನು ಪಾರ್ಕಿಗೂ ಕಳಿಸಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ತಟ್ಟಿ, ಹಾಲಿಗೋ ಬ್ರೆಡ್ಡಿಗೋ ಹೋಗುವುದಿದ್ದರೆ ಹೇಳು, ನನಗೂ ಕಾಲಾಡಿಸಿದಂತಾಗುತ್ತದೆ ಎಂದಿದ್ದರು. ಕಾಲಾಡಿಸುವ ನೆಪ ಇಬ್ಬರಿಗೂ ಅರ್ಥವಾಗಿತ್ತು, ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೆಲ್ಬೋರ್ನ್‌ನ ಅಮಿಲ್ ಅಂಡ್ ದ ಸ್ನಿಫರ್ಸ್ ತಂಡದ 'ಕಾರ್ಟೂನ್ ಡಾರ್ಕ್‌ನೆಸ್' ಪಾತ್ರೆ ತೊಳೆಯುವ ಹೊತ್ತಿಗೆ ಹೇಳಿ ಮಾಡಿಸಿದ್ದು. ಅಮ್ಮನ ಮುಂದೆ ಹೆಸರು ಹೇಳಲಾಗದ ಫಿಲಡೆಲ್ಫಿಯಾದ ತಂಡವೊಂದರ 'ಐ ಗಾಟ್ ಹೆವನ್' ಸುಮಾರು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಆದರೂ ಎರಡು ದಿನ ಕಿವಿ ಬಿಟ್ಟು ಹೋಗುವುದಿಲ್ಲ. ಹದಿನಾರು ವರ್ಷಗಳ ಬಳಿಕ ಬಂದ ದ ಕ್ಯೂರ್ ತಂಡದ ಆಲ್ಬಮ್ಮಿನಲ್ಲಿ ಇರುವುದು ಎಂಟೇ ಹಾಡುಗಳು. ರಾಬರ್ಟ್ ಸ್ಮಿತ್ ತೀರಿಕೊಂಡ ತನ್ನ ಅಣ್ಣನನ್ನು ನೆನೆದು ಹಾಡಿರುವ ಹಾಡನ್ನು ಗೋಡೆಯಾಚೆಯವರೂ ಕೇಳಿಸಿಕೊಂಡಿರಬೇಕು, ಏಕೆಂದರೆ ಆ ರಾತ್ರಿ ಅವರ ಟಿವಿ ಸದ್ದು ಮಾಡಲಿಲ್ಲ. ಬ್ರಿಸ್ಟಲ್‌ನ ಐಡಲ್ಸ್ ತಂಡದ 'ಟ್ಯಾಂಗ್ಕ್' ಪ್ರೀತಿಯ ಬಗ್ಗೆಯೇ ಇದ್ದರೂ ಡ್ರಮ್ಮುಗಳು ಮಾತ್ರ ಜಗಳಕ್ಕೆ ಬಂದವರಂತೆ ಬಡಿಯುತ್ತವೆ. ವಲಸೆ ಬಂದ ಗೆಳೆಯನನ್ನು ಒಡಹುಟ್ಟಿದವನೆಂದು ಕರೆದು 2018ರಲ್ಲಿ ಈ ತಂಡ ಹಾಡಿದ್ದ ಹಾಡು ಆಗಸ್ಟ್ ತಿಂಗಳಲ್ಲಿ ನನಗೆ ಔಷಧಿಯಂತೆ ಒದಗಿತು.

ಆದುದರಿಂದ ಸಿಟ್ಟಿನ ಪ್ರಶ್ನೆಗೆ ಆಗಸ್ಟ್ ತಿಂಗಳನ್ನೇ ತೋರಿಸಿ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ತಾಳ ಇಷ್ಟ, ಅಷ್ಟೇ ಎಂದು ನಕ್ಕು, ಅವರಿಗೊಂದು ಟೀ ಮಾಡಿಕೊಟ್ಟೆ. ಮೈಬಣ್ಣದಿಂದ ಹುಟ್ಟಿದ ಒಂದು ವಾರದ ಅಂಜಿಕೆಯನ್ನು ಇಪ್ಪತ್ತೈದು ವರ್ಷಗಳ ಸಿಟ್ಟಿನ ಹಾಡುಗಳಿಗೆ ಕಾರಣವೆಂದು ಒಪ್ಪಿಸುವುದು ಸುಳ್ಳಾಗುತ್ತಿತ್ತು. ಬೆಂಗಳೂರಿನ ಹಾಸ್ಟೆಲಿನಲ್ಲಿ ಗೆಳೆಯನ ಕ್ಯಾಸೆಟ್ಟಿನಿಂದ ಈ ಚಟ ಹತ್ತಿಸಿಕೊಂಡಾಗ ನನ್ನನ್ನು ಯಾರೂ ಯಾವ ಕಾರಣಕ್ಕೂ ದೂರ ನಿಲ್ಲಿಸಿದವರಲ್ಲ.

ಆ ಭಾನುವಾರ ಅಮ್ಮನಿಗೆ ವಿಡಿಯೋ ಕರೆ ಮಾಡಿದಾಗ ಹಿಂದಿನ ಕೋಣೆಯಲ್ಲಿ ಐಡಲ್ಸ್ ಬಡಿಯುತ್ತಿತ್ತು. ಅಮ್ಮ ಮಾತು ನಿಲ್ಲಿಸಿ ಕಿವಿಗೊಟ್ಟು, "ಯಾರ್ ಮನೇಲೋ ಸಾವು? ತಮಟೆ ಸದ್ದು ಬರ್ತಾ ಐತಲ್ಲ" ಎಂದಳು.

ನಾನು ನಕ್ಕೆ. ಕರೆ ಮುಗಿದ ಮೇಲೆ ನಗು ಉಳಿಯಲಿಲ್ಲ. ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ತಾತ ತೀರಿಕೊಂಡಾಗ ನನಗೆ ಹತ್ತು ವರ್ಷ. ಊರಾಚೆಯ ಕೇರಿಯಿಂದ ಬಂದ ಮೂವರು ಬೀದಿಯಲ್ಲೇ ಹುಲ್ಲಿಗೆ ಬೆಂಕಿ ಹಾಕಿ, ತಮಟೆಯ ಚರ್ಮವನ್ನು ಉರಿಗೆ ಹಿಡಿದು ಕಾಯಿಸಿ, ಬೆರಳ ತುದಿಯಿಂದ ತಟ್ಟಿ ನೋಡಿ, ಸಾಲದೆನಿಸಿದರೆ ಮತ್ತೆ ಕಾಯಿಸುತ್ತಿದ್ದರು. ಬಲಗೈಯಲ್ಲಿ ದಪ್ಪನೆಯ ಮೋಟು ಕೋಲು, ಎಡಗೈಯಲ್ಲಿ ಉದ್ದನೆಯ ಸಪೂರ ಕಡ್ಡಿ. ಅವರಲ್ಲಿ ಹಿರಿಯನಾದವನು ಬಾರಿಸತೊಡಗಿದಾಗ ನನ್ನ ಹೊಟ್ಟೆಯೊಳಗೆ ಏನೋ ಅಲುಗಿದ್ದು ಇಂದಿಗೂ ನೆನಪಿದೆ. ಆ ಅಲುಗಾಟವನ್ನೇ ನಾನು ಇಂದು ಇಪ್ಪತ್ತೆಂಟು ಪೌಂಡು ಕೊಟ್ಟು ಗ್ರಾಮಫೋನ್ ತಟ್ಟೆಗಳಲ್ಲಿ ಹುಡುಕುತ್ತಿರುವುದು. ಮಣ್ಣು ಮಾಡಿ ಬಂದ ಮೇಲೆ ಅವರಿಗೆ ಊಟ ಬಡಿಸಿದ್ದು ಜಗಲಿಯ ಕೆಳಗೆ, ಎಲೆಯ ಮೇಲೆ, ನೀರನ್ನು ಮೇಲಿನಿಂದ ಸುರಿದು. ಎಲೆ ಎತ್ತಿದ ಜಾಗಕ್ಕೆ ಅಜ್ಜಿ ಸಗಣಿ ಸಾರಿಸಿದಳು.

ಅದಾದ ಮರುವರ್ಷವೋ ಏನೋ, ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾದವರು ಅದೇ ತಮಟೆ ಬಡಿಯುತ್ತಾ ಹಾಡುತ್ತಿದ್ದರು. ಸಾವಿಲ್ಲದೆ ತಮಟೆ ಕೇಳಿದ್ದು ಅಂದೇ ಮೊದಲು. ಮೇಷ್ಟರಾಗಿದ್ದ ಅಪ್ಪ ನನ್ನ ಕೈ ಬಿಗಿಯಾಗಿ ಹಿಡಿದು, ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿದ್ದರೂ ನಿಲ್ದಾಣದ ಆ ತುದಿಗೆ ಕರೆದೊಯ್ದರು. ಅದು ಸಿದ್ದಲಿಂಗಯ್ಯನವರ ಹಾಡೆಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅವರ 'ಹೊಲೆಮಾದಿಗರ ಹಾಡು' ಅಚ್ಚಾದದ್ದು 1975ರಲ್ಲಿ, ಅಂದರೆ ನಮ್ಮ ಪಕ್ಕದ ಮನೆಯವರು ಲೀಡ್ಸ್‌ನಲ್ಲಿ ಕೊನೆಯ ಬಸ್ಸಿಗೆ ಓಡುವುದಕ್ಕೂ ಒಂದು ವರ್ಷ ಮೊದಲು. ಬೇರೆಯವರ ಊರಿನ ಸಿಟ್ಟನ್ನು ಹಾಡಿನ ಸಾಲುಸಾಲಾಗಿ ಬಾಯಿಪಾಠ ಮಾಡಿರುವ ನನಗೆ ನಮ್ಮೂರಿನ ಸಿಟ್ಟಿನ ಹಾಡು ಪಲ್ಲವಿಯಿಂದ ಮುಂದಕ್ಕೆ ಬರುವುದಿಲ್ಲ. ಆ ಸಿಟ್ಟು ಯಾರ ಮೇಲಿತ್ತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಅಪ್ಪನ ಹಿಡಿತ ಅಷ್ಟು ಬಿಗಿಯಾಗಿತ್ತು.

ಮುಂದಿನ ಭಾನುವಾರ ನಾನೇ ಅಮ್ಮನನ್ನು ಕೇಳಿದೆ, ತಾತ ಹೋದಾಗ ತಮಟೆ ಬಾರಿಸಿದವರು ಈಗಲೂ ಇದ್ದಾರೆಯೇ ಎಂದು.

"ಅಯ್ಯೋ, ಆ ಮುದುಕ ಸತ್ತು ಎಷ್ಟು ಕಾಲ ಆಯ್ತು. ಅವನ ಮಗ ಬೆಂಗಳೂರಲ್ಲಿ ಇಂಜಿನಿಯರ್ ಆಗವ್ನಂತೆ. ಈಗ ಸಾವಿಗೂ ಬ್ಯಾಂಡ್‌ಸೆಟ್ಟೇ ತರುಸ್ತಾರೆ."

ಫೊಂಟೇನ್ಸ್ ಡಿ.ಸಿ. ತಂಡದ ಡ್ರಮ್ಮರ್ ಟಾಮ್ ಕೋಲ್, ಐಡಲ್ಸ್‌ನವನು ಜಾನ್ ಬೀವಿಸ್, ಇಂಗ್ಲಿಷ್ ಟೀಚರ್‌ನವನು ಡಗ್ಲಸ್ ಫ್ರಾಸ್ಟ್. ಇದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆ ತಮಟೆಯವನ ಹೆಸರೇನಮ್ಮ ಎಂದು ಕೇಳಿದೆ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಹಿಂದೆ ಕುಕ್ಕರ್ ಕೂಗಿತು.

"ಹೆಸ್ರು ಇದ್ದೇ ಇರ್ತದೆ ಕಣೋ," ಎಂದಳು, "ನಾವು ಕೇಳ್ಲಿಲ್ಲ ಅಷ್ಟೇ."