ಮೂರು ಶನಿವಾರ, ಒಂದು ಸೀಟು

ಬೆಂಗಳೂರಲ್ಲಿ ಕಾರಿನ ಸಾಮಾನು ಸಿಗೋ ಜೆ.ಸಿ. ರೋಡಿನ ಒಂದು ಅಂಗಡಿಲಿ, ರೇಸ್ ಕಾರಿಗೆ ಹಾಕೋ, ಎರಡೂ ಪಕ್ಕ ಗೋಡೆ ಥರ ಎದ್ದಿರೋ ಕೆಂಪು ಬಕೆಟ್ ಸೀಟನ್ನ ನೆಲದ ಮೇಲೇ ಇಟ್ಟಿದ್ರು, ಕೂತ್ ನೋಡಿ ಸಾರ್ ಅಂದ್ರು, ಕೂತೆ. ಕೂತ್ಕೊಳ್ಳೋದೇನೋ ಸಲೀಸಾಗೇ ಆಯ್ತು. ಏಳೋಕೆ ಹೋದ್ರೆ ಸೀಟೂ ನನ್ ಜೊತೆಗೇ ಎದ್ಬಿಡ್ತು. ಎರಡೂ ಪಕ್ಕದ ದಿಂಬು ಸೊಂಟನ ಕಚ್ಚಿ ಹಿಡ್ಕೊಂಡಿದೆ, ನಾನು ಆಮೆ ಥರ ಚಿಪ್ಪು ಹೊತ್ಕೊಂಡು ಅರ್ಧ ಬಗ್ಗಿ ನಿಂತಿದೀನಿ. ಅಂಗಡಿ ಹುಡುಗ ಒಬ್ಬ ಸೀಟನ್ನ ಕೆಳಕ್ಕೆ ಒತ್ತಿ ಹಿಡಿದ, ಇನ್ನೊಬ್ಬ ನನ್ ಕೈ ಎಳೆದ, ಹಲಸಿನ ತೊಳೆ ಕಿತ್ತಂಗೆ ಈಚೆ ಬಂದೆ. "ಟೈಟಾಗೇ ಇರ್ಬೇಕು ಸಾರ್, ರೇಸಿಂಗ್ ಸೀಟಲ್ವಾ" ಅಂದ್ರು ಗಲ್ಲಾದಲ್ಲಿ ಕೂತಿದ್ದ ಭಾಯ್, ನಗು ತಡ್ಕೊಂಡು.

ಇದು ಮೊದಲನೇ ಶನಿವಾರದ ಕಥೆ. ಒಟ್ಟು ಮೂರು ಶನಿವಾರ ಹೋಗಿದೀನಿ. "ನನ್ನ ನೋಡೋಕ್ ಬಂದಾಗ ಉಪ್ಪಿಟ್ಟು ತಿಂದು ಅರ್ಧ ಗಂಟೇಲಿ ಎದ್ದೋದ್ರಿ, ಸೀಟು ನೋಡೋಕೆ ಮೂರು ವಾರಾನಾ ರೀ" ಅಂತ ನನ್ ಹೆಂಡ್ತಿ ಇವತ್ತಿಗೂ ಆಡ್ಕೋತಾಳೆ. ಅದ್ರಲ್ಲೂ ಜಪಾನಿನ ಒಂದು ಸೀಟ್ ಕಂಪನಿ ಹೆಸರೇ ಬ್ರೈಡ್, ಅಂದ್ರೆ ಮದುಮಗಳು, ಅಂತ ಗೊತ್ತಾದ್ಮೇಲಂತೂ ಕೇಳೋದೇ ಬೇಡ.

ನನ್ನ ಗಾಡಿ 2004ರ ಮಾರುತಿ ಎಸ್ಟೀಮ್ ಎಲ್‌ಎಕ್ಸ್, ಸೆಕೆಂಡ್ ಹ್ಯಾಂಡು. ಎಸ್ಟೀಮ್ ಅಂದ್ರೆ ಈಗಿನ ಹುಡುಗರಿಗೆ ಅಜ್ಜನ ಕಾಲದ ಗಾಡಿ, 2007ಕ್ಕೇ ನಿಂತೋಯ್ತು, ಆದ್ರೆ ಹಗುರ ಬಾಡಿ, 1.3 ಲೀಟರ್ ಎಂಜಿನ್ನು, ಆಕ್ಸಿಲರೇಟರ್ ಒತ್ತಿದಷ್ಟೂ ಹಾಡತ್ತೆ, ಅದಕ್ಕೇ ರೇಸು ರ‍್ಯಾಲಿ ಮಾಡೋರಿಗೆ ಒಂದು ಕಾಲದಲ್ಲಿ ಇದಂದ್ರೆ ಪ್ರಾಣ. ನಮ್ಮೂರು ಸಕಲೇಶಪುರದ ಕಡೆ, ಆ ಸೀಮೇಲಿ ಕಾಫಿ ತೋಟದ ಹುಡುಗರಿಗೆ ಹುಟ್ಟಿದಾಗ್ಲೇ ಈ ಹುಚ್ಚು ಅಂಟಿರತ್ತೆ. ಗದ್ದೆ ಕೊಯ್ಲಾಗಿ ನೆಲ ಒಣಗಿದ್ಮೇಲೆ ಕೋನ್ ನೆಟ್ಟು ಗಡಿಯಾರ ಹಿಡಿದು ಗಾಡಿ ಓಡ್ಸೋ ಆಟೋಕ್ರಾಸ್ ಅಂತ ಮಾಡ್ತಾರಲ್ಲ, ಅಂಥದ್ದೊಂದಕ್ಕೆ ಹೋಗಿದ್ದೆ. ಟೈಮು ಸುಮಾರಾಗಿ ಬಂತು, ಬಹುಮಾನ ಇಲ್ಲ, ಮನೆಗೆ ತಂದಿದ್ದು ಬಲ ಮಂಡಿ ಪಕ್ಕ ನಿಂಬೆಹಣ್ಣಿನ ಗಾತ್ರದ ನೀಲಿ ಗುರುತು. ನನ್ ಗಾಡಿಲಿ ಕಿಟಕಿ ಏರಿಸೋಕೆ ಕೈಯಲ್ಲಿ ತಿರುಗ್ಸೋ ಹ್ಯಾಂಡಲ್ಲು. ಎಡಕ್ಕೆ ತಿರುಗಿಸಿದಾಗೆಲ್ಲ ಮೈ ಬಲಕ್ಕೆ ಜಾರಿ ಮಂಡಿ ಹೋಗಿ ಅದಕ್ಕೇ ಗುದ್ದೋದು. ಬಲಕ್ಕೆ ತಿರುಗಿಸಿದ್ರೆ ಗೇರ್ ಕಡೆ ವಾಲೋದು, ಗೇರ್ ಹಾಕೋ ಹೊತ್ತಿಗೆ ಮೊಣಕೈ ತೊಡೆಗೆ ಅಡ್ಡ ಬರೋದು. ಹಳೇ ಸೀಟು ಒಳ್ಳೇ ಸೋಫಾ, ಫೋಮು ಸತ್ತು ಮಧ್ಯ ಗುಳಿ ಬಿದ್ದಿತ್ತು.

ಸಂಜೆ ಅಲ್ಲೇ ಒಬ್ಬ ಹಳಬರು ಸಿಕ್ಕಿದ್ರು, ಗ್ಯಾರೇಜ್ ಇಟ್ಟಿದಾರೆ, ಒಂದು ಕಾಲದಲ್ಲಿ ರ‍್ಯಾಲೀಲಿ ಪಕ್ಕದ ಸೀಟಲ್ಲಿ ಕೂತು ಡ್ರೈವರ್‌ಗೆ ದಾರಿ ಓದಿ ಹೇಳ್ತಿದ್ದೋರು. ಅಣ್ಣ ಅಂತೀವಿ ಎಲ್ರೂ. ಅವರು ಹೇಳಿದ್ದು ಇಷ್ಟೇ: "ನೋಡು ತಮ್ಮಾ, ಸೀಟು ನಿನ್ನ ಹಿಡ್ಕೊಂಡಿಲ್ಲ ಅಂದ್ರೆ ನೀನು ಸ್ಟೀರಿಂಗ್‌ನ ಹಿಡ್ಕೊಂಡು ನೇತಾಡ್ತೀಯ, ಬಸ್ಸಲ್ಲಿ ಕಂಬಿ ಹಿಡ್ಕೊಂಡಂಗೆ. ನೇತಾಡೋ ಕೈಲಿ ತಿರುಗ್ಸೋದು ಹೆಂಗೆ?" ಅದು ಮನಸ್ಸಿಗೆ ನಾಟ್ತು. ಬೆಂಗಳೂರಿಗೆ ಬಂದವನೇ ಅಣ್ಣನ ಮಾತಿನ ಅರ್ಧ ಮಾತ್ರ ತಲೇಲಿಟ್ಕೊಂಡು, ಸೀಟು ಅಂದ್ರೆ ಬಕೆಟ್ಟು, ಬಕೆಟ್ಟು ಅಂದ್ರೆ ಕೆಂಪು ಅಂತ ಜೆ.ಸಿ. ರೋಡಿಗೆ ಓಡಿದ್ದು.

ಆಮೆ ಆದ್ಮೇಲೆ ಅಣ್ಣಂಗೆ ಫೋನ್ ಮಾಡ್ದೆ. ಬೈದ್ರು. "ಪ್ಯಾಂಟಿನ ಸೈಜ್ ಕೇಳ್ಬೇಡ, ಕೂತಾಗ ಎಷ್ಟು ಅಗಲ ಆಗ್ತೀಯ ಅದನ್ನ ಅಳಿ" ಅಂದ್ರು. ಅಳೆಯೋ ವಿಧಾನ ಹೇಳ್ತೀನಿ, ಉಪಯೋಗಕ್ಕೆ ಬರತ್ತೆ. ಗಟ್ಟಿ ಬೆಂಚಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರೋದು, ಸೊಂಟದ ಎರಡೂ ಪಕ್ಕಕ್ಕೆ ಒಂದೊಂದು ದಪ್ಪ ಪುಸ್ತಕ ನೆಟ್ಟಗೆ ತಾಗಿಸಿ ನಿಲ್ಲಿಸೋದು, ಎದ್ದು ಮಧ್ಯದ ಜಾಗಕ್ಕೆ ಟೇಪ್ ಹಿಡಿಯೋದು. ನಾನು ಮಗಳ ಎರಡು ಡಿಕ್ಷನರಿ ಇಟ್ಟೆ. 16 ಇಂಚು. ಸೊಂಟದ ಸುತ್ತಳತೆ 36 ಅಂತ ಬೀಗ್ತಿದ್ದೋನಿಗೆ ಕೂತಾಗ ಮಾಂಸ ಎಲ್ಲೆಲ್ಲಿಗೆ ಹೋಗತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಸೀಟು ಹಾಕಿದ್ಮೇಲೆ ಪಕ್ಕದಲ್ಲಿ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ತೂರಬಾರ್ದು ಅನ್ನೋದು ಅಣ್ಣನ ಲೆಕ್ಕ. ಭುಜದ ಹತ್ರ ಬೇರೆ ಲೆಕ್ಕ, ಅಲ್ಲಿ ಕೈ ಆಡೋಷ್ಟು ಜಾಗ ಬೇಕು, ಇಲ್ಲಾಂದ್ರೆ ಸ್ಟೀರಿಂಗ್ ಪೂರ್ತಿ ತಿರುಗ್ಸುವಾಗ ಮೊಣಕೈ ಸೀಟಿಗೇ ಬಡಿಯತ್ತೆ.

ಎರಡನೇ ಶನಿವಾರ ಅಣ್ಣನೂ ಬಂದ್ರು, ಅವರಿಗೇನೋ ಗೇರ್‌ಬಾಕ್ಸ್ ಸಾಮಾನು ಬೇಕಿತ್ತಂತೆ. ಟೌನ್ ಹಾಲ್ ಹತ್ರ ಪಾರ್ಕಿಂಗ್ ಸಿಗದೆ ಎಲ್ಲೋ ದೂರದಲ್ಲಿ ಗಾಡಿ ನಿಲ್ಸಿ ನಡ್ಕೊಂಡು ಬಂದ್ವಿ. ಒಂದು ಅಂಗಡಿಲಿ ಒಳ್ಳೇ ಹೆಸರಿನ ಸೀಟು ಜೋಡಿ, 22,000 ಅಂದ್ರು. ಎರಡಕ್ಕೂ ಸೇರಿ! ಅಸಲಿ ಹೆಸರಿನ ಸೀಟು ಒಂದಕ್ಕೇ ಅದಕ್ಕಿಂತ ಜಾಸ್ತಿ ಆಗತ್ತೆ ಅಂತ ನಂಗೂ ಗೊತ್ತಿತ್ತು, ಆದ್ರೂ ಆಸೆ ನೋಡಿ, ಅದೃಷ್ಟ ಅಂದ್ಕೊಂಡೆ. ಅಣ್ಣ ಮಾತಾಡ್ಲಿಲ್ಲ. ಸೀಟನ್ನ ಮಗುಚಿ ಹಾಕಿದ್ರು, ಹೊಟ್ಟೆ ಕಡೆ ಬಟ್ಟೆ ಸರಿಸಿ ಮೊಬೈಲ್ ಟಾರ್ಚ್ ಬಿಟ್ರು. ಒಳಗೆ ಪೈಪಿನ ಚೌಕಟ್ಟು, ಎರಡು ಪೈಪ್ ಸೇರೋ ಕಡೆ ಸುತ್ತ ವೆಲ್ಡಿಂಗ್ ಇರ್ಬೇಕಲ್ಲ, ಅಲ್ಲಿ ಬರೀ ಎರಡು ಚುಕ್ಕಿ, ನಮ್ಮ ಕಡೆ ಗೇಟಿಗೆ ಟ್ಯಾಕ್ ಹಾಕ್ತಾರಲ್ಲ ಹಂಗೆ. ಒಂದು ಕಡೆ ಚುಕ್ಕಿನೂ ಬಿಟ್ಕೊಂಡಿತ್ತು. ಬೆನ್ನಿಗೆ ಎರಡೂ ಕೈ ಕೊಟ್ಟು ಅದುಮಿದ್ರು, ನಮ್ಮನೆ ಪ್ಲಾಸ್ಟಿಕ್ ಚೇರ್ ಥರ ಕಿರ್ ಅಂತು. ಹಿಂದಿನ ಗಾಡಿ ಬಂದು ಗುದ್ದಿದಾಗ ನಿಮ್ಮ ಬೆನ್ನೆಲುಬಿಗೂ ಹಿಂದಿನ ಸೀಟಿನ ಮಗುವಿಗೂ ಮಧ್ಯೆ ಇರೋದು ಇದೊಂದೇ ಅಂತ ಯೋಚ್ನೆ ಮಾಡಿ, ಸಾಕು, ಅಲ್ಲಿಂದ ಹೊರಟ್ವಿ.

ನಕಲಿ ಗುರುತಿಸೋಕೆ ಚೀಟಿ ನೋಡು ಅಂತಾರೆ. ಸ್ಪರ್ಧೆಗೆ ಅಂತ ಮಾಡಿದ ಸೀಟಿನ ಮೇಲೆ ಕಾರ್ ರೇಸಿನ ಜಾಗತಿಕ ಸಂಸ್ಥೆಯಾದ ಎಫ್‌ಐಎ ಚೀಟಿ ಇರತ್ತೆ, ಯಾವ ಮಾನದಂಡ, ಯಾರು ಮಾಡಿದ್ದು, ನಂಬರು, ತಯಾರಾದ ತಿಂಗಳು ವರ್ಷ ಎಲ್ಲ. 8855-1999 ಅಂತ ಇದ್ರೆ ತಯಾರಾದ ದಿನದಿಂದ 5 ವರ್ಷಕ್ಕೆ ಅದರ ಆಯುಷ್ಯ ಮುಗೀತು. 8862-2009 ಅನ್ನೋ ಇನ್ನೂ ಗಟ್ಟಿ ದರ್ಜೆದು 10 ವರ್ಷ ಬರತ್ತೆ, ಅದು ನಮ್ಮಂಥೋರ ಜೇಬಿನದ್ದಲ್ಲ ಬಿಡಿ. ಮುಂದಿನ ಅಂಗಡಿಲಿ ಒಂದು ಹಳೇ ಫೈಬರ್ ಚಿಪ್ಪಿನ ಸೀಟು ಸಿಕ್ತು, ಅಸಲಿನೇ, ಸ್ಪಾರ್ಕೊ ಕಂಪನಿ, ಇಟಲಿದು, ಚೀಟೀಲಿ 2014 ಅಂತಿತ್ತು. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಒಂದು ಕೈಲಿ ಎತ್ಕೊಂಡು ಓಡಿಹೋಗ್ಬೇಕು ಅನ್ಸ್ತು. ಅಣ್ಣ ಬೆರಳು ಮಡಚಿ ತೆಂಗಿನಕಾಯಿ ನೋಡೋ ಹಂಗೆ ಉದ್ದಕ್ಕೂ ತಟ್ಕೊಂಡು ಹೋದ್ರು, ಸೊಂಟದ ಬೋಲ್ಟಿನ ಹತ್ರ ಸದ್ದು ಮಂಕಾಯ್ತು. "ಕಬ್ಬಿಣ ಬಗ್ಗಿದ್ರೆ ಕಣ್ಣಿಗೆ ಕಾಣತ್ತೆ, ಫೈಬರ್ ಒಳಗೊಳಗೇ ಬಿಟ್ಕೊಂಡಿರತ್ತೆ, ಯಾವ ಗಾಡೀಲಿ ಉರುಳಿತ್ತೋ ಯಾರಿಗೆ ಗೊತ್ತು" ಅಂದ್ರು. ಕೆಳಗಿಟ್ಟೆ.

ಮಿನರ್ವಾ ಸರ್ಕಲ್ ಹತ್ರ ಕಾಫಿ ಕುಡೀತಾ ನಿಂತಾಗ ಅಣ್ಣ ಕೇಳಿದ ಪ್ರಶ್ನೆಯಿಂದ ನನ್ನ ಕೆಂಪು ಬಕೆಟ್ ಕಥೆ ಮುಗೀತು. "ಗಾಡಿಗೆ ರೋಲ್ ಕೇಜ್ ಇದ್ಯಾ?" ಗಾಡಿ ಮಗುಚಿದ್ರೂ ಛಾವಣಿ ಕುಸೀದಂಗೆ ಒಳಗೆ ಕಟ್ಟೋ ಕಬ್ಬಿಣದ ಪಂಜರ, ಅದು ಇಲ್ಲ. "ಹಾರ್ನೆಸ್?" ಎರಡೂ ಭುಜ ಹಿಡಿಯೋ ರೇಸಿಂಗ್ ಬೆಲ್ಟು, ತಗೋಬೇಕು ಅಂತಿದೀನಿ. "ಕೇಜ್ ಇಲ್ದೆ ಹಾರ್ನೆಸ್ ಹಾಕಿ ಗಾಡಿ ಮಗುಚಿದ್ರೆ ಮೇಲಿನ ತಗಡು ಕೆಳಕ್ಕೆ ಬರತ್ತೆ, ನೀನು ನೆಟ್ಟಗೆ ಕಟ್ಟಿಹಾಕಿದ ಬಸವನ ಥರ ಕೂತಿರ್ತೀಯ, ಆ ಕಡೆ ಈ ಕಡೆ ವಾಲೋಕೂ ಆಗಲ್ಲ. ಹಾರ್ನೆಸ್ ಬೇಡ ಅಂತ ಕಂಪನಿ ಬೆಲ್ಟನ್ನೇ ಬಕೆಟ್ ಮೇಲೆ ಹಾಕಿದ್ರೆ ಸೊಂಟದ ಪಟ್ಟಿ ಸೀಟಿನ ಗೋಡೆ ಹತ್ತಿ ಇಳೀಬೇಕು, ಮಧ್ಯ ಗಾಳಿ. ಗುದ್ದಿದಾಗ ಆ ಗಾಳಿಯಷ್ಟು ಮುಂದಕ್ಕೆ ಹೋಗ್ತೀಯ, ಬೆಲ್ಟು ಸೊಂಟದ ಮೂಳೆ ಬಿಟ್ಟು ಹೊಟ್ಟೆಗೆ ಏರತ್ತೆ." ಗಾಡಿಲಿ ಹೋಗಿ ಪರೀಕ್ಷೆ ಮಾಡ್ದೆ, ಎರಡೂ ತೊಡೆ ಪಕ್ಕ ದಿಂಬು ಇಟ್ಕೊಂಡು ಬೆಲ್ಟ್ ಹಾಕಿ. ಬೆಲ್ಟಿನ ಕೆಳಗೆ ಮುಷ್ಟಿ ಆರಾಮಾಗಿ ಹೋಯ್ತು. ಸೀಟು, ಬೆಲ್ಟು, ಕೇಜು ಇವು ಮೂರೂ ಒಂದೇ ಸಾಮಾನು, ಅಂಗಡಿಯೋರು ಬಿಡಿಬಿಡಿಯಾಗಿ ಮಾರ್ತಾರೆ ಅಷ್ಟೆ. ಬಕೆಟ್ ಬೇಕಂದ್ರೆ ಮೂರೂ ಬೇಕು. ವಾರದಲ್ಲಿ ಐದು ದಿನ ಇದೇ ಗಾಡೀಲಿ ಮಗಳನ್ನ ಸ್ಕೂಲಿಗೆ ಬಿಡೋ ನಂಗೆ ತಲೆ ಪಕ್ಕ ಕಬ್ಬಿಣದ ಕಂಬಿ ಬೇಡ, ಹೆಲ್ಮೆಟ್ ಇಲ್ದಾಗ ಅದಕ್ಕೆ ತಲೆ ಗುದ್ದಿದ್ರೆ ಅಲ್ಲಿಗೇ ಕಥೆ ಮುಗೀತು.

ಹಾಗಾಗಿ ಮೂರನೇ ಶನಿವಾರ ತಗೊಂಡಿದ್ದು ಹಿಂದಕ್ಕೆ ಒರಗೋ ಥರದ್ದು, ಒಳಗೆ ಪೈಪ್ ಚೌಕಟ್ಟು, ಬೆನ್ನ ಪಕ್ಕ ಎತ್ತರ, ಸೊಂಟದ ಪಕ್ಕ ತಗ್ಗು, ಕಂಪನಿ ಬೆಲ್ಟ್ ನೇರ ಸೊಂಟದ ಮೇಲೆ ಕೂರೋ ಹಂಗೆ. ಕಪ್ಪು ಬಟ್ಟೆ. ಒಂದೇ ಒಂದು, ಡ್ರೈವರ್‌ಗೆ ಮಾತ್ರ, ಬಿಲ್ ಸಮೇತ. ರೆಕಾರೋ ಕೂಡ ಕೇಳಿದ್ದೆ, ಬೆಲೆ ಕೇಳಿ ಗೌರವದಿಂದ ಕೈ ಮುಗಿದೆ. (ರಾಯ್ಟರ್ ಕರೋಸರಿ ಅಂತ ಜರ್ಮನಿಲಿ ಕಾರ್ ಬಾಡಿ ಕಟ್ತಿದ್ದ ಕಂಪನಿ, 1963ರಲ್ಲಿ ಬಾಡಿ ಕೆಲಸ ಪೋರ್ಷೆಗೆ ಹೋಗಿ ಇವರ ಹತ್ರ ಸೀಟು ಉಳೀತು, ಆ ಎರಡು ಪದದ ಮೊದಲ ತುಂಡು ಸೇರಿಸಿ ರೆಕಾರೋ. ಇಂಥದ್ದೆಲ್ಲ ಚೆನ್ನಾಗಿ ನೆನಪಿರತ್ತೆ ನಂಗೆ, ಗ್ಯಾಸ್ ಬುಕ್ ಮಾಡೋದು ನೆನಪಿರಲ್ಲ.)

ಸೀಟು ತಗೊಂಡ್ರೆ ಕೆಲಸ ಮುಗೀತು ಅಂದ್ಕೊಂಡಿದ್ದೆ. ಎಸ್ಟೀಮ್ ನೆಲದಲ್ಲಿರೋ ನಾಲ್ಕು ತೂತಿಗೂ ಈ ಸೀಟಿನ ತಳಕ್ಕೂ ಸಂಬಂಧಾನೇ ಇಲ್ಲ, ಮಧ್ಯೆ ಬ್ರಾಕೆಟ್ ಮಾಡ್ಸಬೇಕು. ಮೊದಲು ಮಾಡ್ಸಿದ ಕಡೆ ಕಿಟಕಿ ಗ್ರಿಲ್ಲಿಗೆ ಹಾಕೋ ಎಲ್ ಆಂಗಲ್ ಕತ್ತರಿಸಿ ಬೆಸುಗೆ ಹಾಕಿ ಕೊಟ್ರು, 800 ರೂಪಾಯಿ, ಬ್ರೇಕ್ ಹಾಕಿದಾಗೆಲ್ಲ ಸೀಟು ನಮಸ್ಕಾರ ಮಾಡೋದು. ಸ್ಪರ್ಧೆ ನಿಯಮದಲ್ಲಿ ಕನಿಷ್ಠ 3 ಎಂಎಂ ಉಕ್ಕು, 8 ಎಂಎಂ ಬೋಲ್ಟು, ನಾಲ್ಕು ಕಡೆ ಹಿಡಿತ ಅಂತಿದೆ, ಅಣ್ಣನ ಗ್ಯಾರೇಜಲ್ಲಿ ಅದರ ಪ್ರಕಾರವೇ ಮತ್ತೆ ಮಾಡಿದ್ರು. ನಮ್ಮ ಮನೇಲಿ ಹೊಸ ಗಾಡಿ ಇರೋ ತಮ್ಮ ತಾನೂ ಹಾಕಿಸ್ತೀನಿ ಅಂದ, ಅವನ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಅಂತ ಸಣ್ಣ ಚೀಟಿ ಇದೆ. ಆ ಸೀಟು ತೆಗೆದ್ರೆ ಪಕ್ಕದ ಏರ್‌ಬ್ಯಾಗೇ ಹೋಯ್ತು, ಡ್ಯಾಶ್‌ಬೋರ್ಡಲ್ಲಿ ದೀಪ ಹತ್ಕೊಳತ್ತೆ, ಅದನ್ನ ಆರಿಸೋಕೆ ಒಂದು ರೆಸಿಸ್ಟರ್ ಹಾಕಿ ಗಾಡಿಗೇ ಸುಳ್ಳು ಹೇಳ್ತಾರೆ. ಬೇಡ ಕಣೋ ಅಂದೆ. ನನ್ ಎಸ್ಟೀಮಲ್ಲಿ ಏರ್‌ಬ್ಯಾಗೇ ಇಲ್ಲ, ಕಳ್ಕೊಳ್ಳೋಕೆ ಏನೂ ಇಲ್ಲ. ಇನ್ನು ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಕಂಪನಿ ಕೊಟ್ಟಂಗೇ ಗಾಡಿ ಇರ್ಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ, ಅದಕ್ಕೇ ಹಳೇ ಸೀಟು, ಅದರ ನಾಲ್ಕು ಬೋಲ್ಟು ಕವರಲ್ಲಿ ಕಟ್ಟಿ ಅಟ್ಟದ ಮೇಲೆ ಭದ್ರವಾಗಿ ಇಟ್ಟಿದೀನಿ.

ಅಟ್ಟಕ್ಕೆ ಏರಿಸೋ ಮುಂಚೆ ಗುಜರಿ ಅಂಗಡಿ ತಕ್ಕಡೀಲಿ ತೂಕ ಹಾಕ್ಸಿದ್ದೆ, 13 ಕೆಜಿ ಚಿಲ್ಲರೆ. ಹೊಸದು ಬ್ರಾಕೆಟ್ಟು, ಸೀಟು ಜಾರೋ ರೈಲು ಸೇರಿ 18. ರೇಸಿಂಗ್ ಸೀಟು ಹಾಕಿದ್ರೆ ಗಾಡಿನೂ ಹಗುರ ಆಗತ್ತೆ ಅಂದ್ಕೊಂಡಿದ್ದೋನು 5 ಕೆಜಿ ಏರಿಸ್ಕೊಂಡು ಬಂದೆ. ಇದನ್ನ ಮನೇಲಿ ಹೇಳಿಲ್ಲ.

ಎಲ್ಲ ಕೂರಿಸಿ ಆದ್ಮೇಲೆ ಒಂದು ಶನಿವಾರ ಸಂಜೆ ಹೆಂಡ್ತಿನ ಕೂರಿಸ್ಕೊಂಡು ಒಂದು ರೌಂಡ್ ಹೊರಟೆ. ಅವಳು ಹಳೇ ಸೋಫಾದ ಗುಳೀಲಿ, ನಾನು ಬ್ರಾಕೆಟ್ಟು, ಅದರ ಮೇಲೆ ರೈಲು, ಅದರ ಮೇಲೆ ಸೀಟು. ಕತ್ತೆತ್ತಿ ನೋಡಿ "ರೀ, ದಸರಾಗೆ ಇನ್ನೂ ಟೈಮಿದೆ, ಅಂಬಾರಿ ಮೇಲೆ ಈಗ್ಲೇ ಹತ್ಬಿಟ್ರಾ" ಅಂದ್ಳು. ನಿಜ, ತಲೆ ಮೇಲ್ಛಾವಣಿಗೆ ಎರಡು ಬೆರಳು ದೂರ, ಹೆಲ್ಮೆಟ್ ಹಾಕಿದ್ರೆ ಕತ್ತು ವಾಲಿಸ್ಬೇಕು. ಮಾರನೇ ದಿನ ಅಣ್ಣನ ಹತ್ರ ಹೋಗಿ ಮುಂದೆ ಹಿಂದೆ ಸರಿಸೋ ರೈಲನ್ನೇ ಕಿತ್ತು ಹಾಕ್ಸಿ, ಸೀಟನ್ನ ಒಂದೂವರೆ ಇಂಚು ಇಳ್ಸಿ ನೇರ ಬ್ರಾಕೆಟ್ಟಿಗೆ ಬೋಲ್ಟ್ ಮಾಡ್ಸಿದೆ. ಬೆನ್ನು ಪೂರ್ತಿ ಸೀಟಿಗೆ ಒರಗಿಸಿ ಕೈ ಚಾಚಿದ್ರೆ ಮಣಿಕಟ್ಟು ಸರಿಯಾಗಿ ಸ್ಟೀರಿಂಗ್ ಮೇಲ್ತುದಿಗೆ ಬೀಳ್ಬೇಕು, ಕ್ಲಚ್ ತಳ ಮುಟ್ಟಿಸಿದಾಗ್ಲೂ ಮಂಡಿ ಸ್ವಲ್ಪ ಬಗ್ಗಿರ್ಬೇಕು, ಹಂಗೆ ಗುರುತು ಹಾಕಿ ತೂತು ಕೊರೆದಿದ್ದು. ವಾಪಸ್ ಬರ್ತಾ ನೈಸ್ ರೋಡಿಂದ ಇಳಿಯೋ ಸುತ್ತು ರಾಂಪ್ ಇದ್ಯಲ್ಲ, ಅಲ್ಲಿ ಎಡಕ್ಕೆ ತಿರುಗ್ತಾನೇ ಹೋದೆ, ಮಂಡಿ ಕಿಟಕಿ ಹ್ಯಾಂಡಲ್ ಹತ್ರಕ್ಕೂ ಹೋಗ್ಲಿಲ್ಲ, ಎರಡು ಬೆರಳಲ್ಲಿ ಸ್ಟೀರಿಂಗ್ ಹಿಡ್ಕೊಂಡಿದ್ದೆ. ಅದೊಂದು ತಿರುವಿಗೇ ಕೊಟ್ಟ ದುಡ್ಡು ವಸೂಲಿ ಅನ್ಸ್ತು.

ಸೋಮವಾರ ಆಫೀಸಿಗೆ ಮೆಟ್ರೋಲಿ ಹೋಗಿದ್ದೆ, ಮಗಳನ್ನ ಕರ್ಕೊಂಡು ಬರೋಕೆ ಹೆಂಡ್ತಿ ಗಾಡಿ ತೆಗೆದಿದ್ದಾಳೆ. ನನಗಿಂತ ಅರ್ಧ ಅಡಿ ಕುಳ್ಳು ಅವಳು, ಸೀಟು ಮುಂದಕ್ಕೆ ಬರಲ್ಲ. ಸಂಜೆ ಬಂದು ಗಾಡಿ ಬಾಗಿಲು ತೆಗೀತೀನಿ, ಎತ್ತರದ ಬೆನ್ನಿನ ದಿಂಬು, ಸೊಂಟಕ್ಕೆ ಅಳೆದು ತಂದ ಜಾಗ, ಅದರ ತುಂಬಾ ಹಾಲ್‌ನಲ್ಲಿರೋ ಸೋಫಾದ ಹೂವಿನ ಕುಶನ್ನು ಎರಡು, ಒಂದರ ಹಿಂದೆ ಒಂದು ಗಟ್ಟಿಯಾಗಿ ತುರುಕಿದೆ.

"ಈಗ ಸರಿಯಾಗಿ ಸಿಗತ್ತೆ ರೀ ಕ್ಲಚ್ಚು" ಅಂದ್ಳು ಒಳಗಿಂದ.