ಗವಂತಿ ಹೊಲಿಗೆ, ಗದಗದ ಬಸ್ಸು ಮತ್ತು ಒಂಟಿ ಹೊಲಿಗೆಯ ಕಾಟ

ಕೊನೆಗೂ ನನ್ನ ಕಸೂತಿಯ ಹಿಂಬದಿ ಮುಂಬದಿಯಂತೆಯೇ ಬಂದಿದೆ. ಜೂನ್ ತಿಂಗಳನ್ನು ಹೊಲಿದ ಬಟ್ಟೆಯ ಪಟ್ಟಿಯನ್ನು ಮಗುಚಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಒಗೆದೂ ನೋಡಿದೆ. ಒಂದು ಎಳೆಯೂ ಬಿಚ್ಚಲಿಲ್ಲ. ಬಟ್ಟೆ ಆರಿಸುವುದು, ಅಂಚು ಕಟ್ಟುವುದು, ಕಪ್ಪು ಬಟ್ಟೆಯ ಎಳೆ ಎಣಿಸಲು ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಈ ಮಳೆಗಾಲವನ್ನೆಲ್ಲ ನುಂಗಿದ ತೊಂದರೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಹಿಂದಿನ ಕಂತು ಓದದವರಿಗೆ ಸ್ವಲ್ಪದರಲ್ಲಿ: ನಾನು ಹುಬ್ಬಳ್ಳಿಯಲ್ಲಿ, ನನ್ನವನು ಕೆಲಸದ ಮೇಲೆ ಗದಗದಲ್ಲಿ. ಶನಿವಾರ ರಾತ್ರಿ ಬರುತ್ತಾನೆ, ಸೋಮವಾರ ನಸುಕಿಗೆ ಹೊರಡುತ್ತಾನೆ. ನಮ್ಮಿಬ್ಬರ ನಡುವಿನ ಸ್ಪರ್ಶಗಳನ್ನು ಒಂದು ಡೈರಿಯಲ್ಲಿ ಬರೆದಿಟ್ಟು, ಅದನ್ನು ಕಸೂತಿಯ ನಕ್ಷೆಯಾಗಿ ಹೊಲಿಯುತ್ತಿದ್ದೇನೆ. ನಮ್ಮೂರಲ್ಲಿ ಗಂಡಸರಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಅದರಲ್ಲಿ ಗೆಳೆತನ ಎಲ್ಲಿ ಮುಗಿಯಿತು, ನಮ್ಮದು ಎಲ್ಲಿ ಶುರುವಾಯಿತು ಎಂಬುದು ನಮಗಿಬ್ಬರಿಗೇ ಗೊತ್ತು. ನನಗೆ ಬೇಕಾದದ್ದು ಆ ಲೆಕ್ಕ.

ದಿನಕ್ಕೊಂದು ಕಂಬ. ಅವನು ಮೊದಲು ಮುಟ್ಟಿದರೆ ಹೊಲಿಗೆ ಮೇಲಕ್ಕೆ, ನಾನಾದರೆ ಕೆಳಕ್ಕೆ. ಮನೆಯ ಹೊರಗಿನ, ಕದ್ದು ಮಾಡಿದ ಸ್ಪರ್ಶಕ್ಕೆ ಓರೆ ಹೊಲಿಗೆ. ಉದಾಹರಣೆಗೆ, ಉಣಕಲ್ಲಿನಿಂದ ನವನಗರದವರೆಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನನ್ನ ಚೀಲದ ಪಟ್ಟಿಯ ಕೆಳಗೆ ಅವನ ಕಿರುಬೆರಳು ನನ್ನ ಕಿರುಬೆರಳಿಗೆ ಕೊಂಡಿ ಹಾಕಿ ಕುಳಿತದ್ದು. ಟಿಕೆಟನ್ನು ನಿಲ್ದಾಣದಲ್ಲೇ ಕೊಳ್ಳುವುದರಿಂದ ಕೈ ಬಿಡಿಸಿಕೊಂಡು ಚಿಲ್ಲರೆ ಹುಡುಕುವ ಪ್ರಸಂಗ ಬರುವುದಿಲ್ಲ. ಈ ಸಾರಿಗೆ ವ್ಯವಸ್ಥೆಯ ಈ ಲಾಭವನ್ನು ಯಾವ ವರದಿಯಲ್ಲೂ ನಾನು ಓದಿಲ್ಲ. ಕದ ಹಾಕಿಕೊಂಡ ಮೇಲಿನದಕ್ಕೆಲ್ಲ ಒಂದು ಚೌಕ. ಅದರೊಳಗೆ ಏನು ನಡೆಯಿತೆಂದು ನಕ್ಷೆ ಹೇಳುವುದಿಲ್ಲ. ಅದು ಅವನು ಹಾಕಿದ ಷರತ್ತು. ಸಲಿಂಗ ಸಂಬಂಧದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 2018ರ ಸೆಪ್ಟೆಂಬರ್ 6ರ ತೀರ್ಪಿನಿಂದಾಗಿ ಚೌಕದೊಳಗಿನದು ಅಪರಾಧವಲ್ಲ. ಆದರೆ ಮನೆ ಬಾಡಿಗೆಗೆ ಕೊಡುವವರೆಲ್ಲ ಆ ತೀರ್ಪು ಓದಿಲ್ಲ. ಆದ್ದರಿಂದ ಯಾವ ಹೊಲಿಗೆಗೆ ಯಾವ ಅರ್ಥ ಎಂಬ ಸೂಚಿ ಡೈರಿಯಲ್ಲಿದೆ, ಬಟ್ಟೆಯ ಮೇಲಿಲ್ಲ.

ಬರೆದಿಡುವುದೂ ಸುಲಭವಲ್ಲ. ರವಿವಾರ ಅವನ ತಲೆಗೆ ಎಣ್ಣೆ ಹಚ್ಚುತ್ತೇನೆ. ಅರ್ಧಕ್ಕೇ ನನ್ನ ಮೊಣಕಾಲಿಗೆ ತಲೆ ಆನಿಸಿ ನಿದ್ದೆ ಹೋಗುತ್ತಾನೆ. ಇದು ಒಂದು ಸ್ಪರ್ಶವೋ ಎರಡೋ? ಶುರು ಮಾಡಿದವರು ಯಾರು? "ಎಣ್ಣೆ ನಿನ್ನ ಲೆಕ್ಕ, ನಿದ್ದೆ ನನ್ನ ಲೆಕ್ಕ" ಎಂದು ಅವನೇ ತೀರ್ಮಾನ ಕೊಟ್ಟ. ಹಾಗೆಯೇ ಹೊಲಿದಿದ್ದೇನೆ.

ಈಗ ತೊಂದರೆಗೆ ಬರೋಣ. ನೇಯ್ದಂತೆ ಕಾಣುವ ನೇಗಿ ಹೊಲಿಗೆಯಲ್ಲಿ ಹೊಲಿದಿದ್ದರೆ ಇದು ಎಂದೋ ಮುಗಿಯುತ್ತಿತ್ತು, ಆದರೆ ಹಿಂಬದಿ ನೋಡುವಂತಿರುತ್ತಿರಲಿಲ್ಲ. ನನಗೆ ಗವಂತಿಯೇ ಬೇಕಿತ್ತು: ಎರಡೂ ಬದಿ ಒಂದೇ, ಗಂಟಿಲ್ಲ. ಹೋಗುವಾಗ ಸೂಜಿ ಒಂದು ಮನೆ (ಎಳೆ ಎಣಿಸಿದ ಒಂದು ಹೊಲಿಗೆಯ ಅಂತರ) ಮೇಲೆ, ಒಂದು ಮನೆ ಕೆಳಗೆ. ಬರುವಾಗ ಬಿಟ್ಟ ಮನೆಗಳು ತುಂಬುತ್ತವೆ. ಗೋಪುರ, ಪಲ್ಲಕ್ಕಿ, ತುಳಸಿ ವೃಂದಾವನಗಳಿಗೆ ದಾರ ಯಾವ ದಾರಿಯಲ್ಲಿ ಹೋಗಬೇಕೆಂಬುದು ಹೆಂಗಸರ ಕೈಗೆ ತಲೆತಲಾಂತರದಿಂದ ಗೊತ್ತು. ನನ್ನ ನಕ್ಷೆಯನ್ನು ಬರೆದದ್ದು ಒಂದು ವಾರಾಂತ್ಯ. ಅದರ ದಾರಿ ಯಾರಿಗೂ ಗೊತ್ತಿಲ್ಲ.

ಲೆಕ್ಕದ ಪ್ರಕಾರ ದಾರಿ ಇರಲೇಬೇಕು. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಮುಗಿಸಲಾಗದೆಂದು ತೋರಿಸಿದ. ಬೆಸ ಸಂಖ್ಯೆಯ ಸೇತುವೆಗಳು ಕೂಡುವ ಜಾಗಗಳು ಹೆಚ್ಚಾಗಿದ್ದದ್ದೇ ಅದಕ್ಕೆ ಕಾರಣ. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ದಾಟುತ್ತೇವೆ, ಎಲ್ಲ ಜಾಗಗಳೂ ಸಮವಾಗುತ್ತವೆ, ಹೊರಟಲ್ಲಿಗೆ ಮರಳಬಹುದು. ಆದರೆ ಸೇತುವೆಯನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ದಾಟಬೇಕೆಂಬ ಹಟ ಆಯ್ಲರನಿಗೆ ಇರಲಿಲ್ಲ. ಚೌಕವನ್ನೇ ನೋಡಿ: ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹೊಡೆದರೆ ಮೇಲೆ ಬಿದ್ದ ಹೊಲಿಗೆಯ ಮೇಲೇ ಮತ್ತೆ ಹೊಲಿಗೆ ಬೀಳುತ್ತದೆ, ಉಳಿದೆರಡು ಬದಿ ಬೋಳು. ಒಂದು ಸುತ್ತು ಮುಗಿಸಿ ತಿರುಗಿ ಬಂದರೆ ನಾಲ್ಕೂ ತುಂಬುತ್ತವೆ. ಓರೆ ಹೊಲಿಗೆ ಕೂಡಿ ಆಗುವ ತ್ರಿಕೋನಕ್ಕೆ ಮೂರೇ ಬದಿ, ಹೇಗೆ ಸುತ್ತಿದರೂ ನಡೆಯುತ್ತದೆ. ಕದ್ದು ಮುಟ್ಟಿದ್ದು ಸಲೀಸು, ಕದ ಹಾಕಿಕೊಂಡದ್ದು ತಂಟೆ. ನನ್ನ ಸಂಸಾರದಲ್ಲಿ ಇದು ತಿರುವುಮುರುವು.

ಸಿಕ್ಕ ಉಪಾಯ ಇಷ್ಟೇ. ತಳದ ಗೆರೆಯನ್ನು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಎಂದುಕೊಳ್ಳಿ. ಎದುರಾದ ಪ್ರತಿ ಓಣಿಗೂ ಹೊಕ್ಕು, ಕೊನೆ ಮುಟ್ಟಿ, ಹೋದ ಹೆಜ್ಜೆಯಲ್ಲೇ ಮರಳಿ ರಸ್ತೆಗೆ ಬಂದ ಮೇಲೆಯೇ ಮುಂದಿನ ಹೊಲಿಗೆ. ಓಣಿಯೊಳಗೆ ಸಂದಿ ಇದ್ದರೆ ಅದಕ್ಕೂ ಇದೇ ನಿಯಮ. ಓಣಿಯ ಉದ್ದ ಎಷ್ಟೇ ಇರಲಿ, ಹೋಗಿ ಬರುವಷ್ಟರಲ್ಲಿ ಹೊಲಿಗೆಗಳು ಸಮಸಂಖ್ಯೆಯಾಗಿರುತ್ತವೆ, ಮೇಲು-ಕೆಳಗಿನ ಲೆಕ್ಕ ಕೆಡುವುದಿಲ್ಲ. ಓರೆ ಹೊಲಿಗೆಯೂ ಬಗ್ಗಿತು.

ಆದರೆ ಇದು ನಡೆಯಬೇಕಾದರೆ ರಸ್ತೆ ಇರಬೇಕಲ್ಲ! ನನ್ನ ನಕ್ಷೆಯಲ್ಲಿದ್ದದ್ದು ವಾರಕ್ಕೊಂದು ದ್ವೀಪ, ನಡುವೆ ಐದು ದಿನ ಕಪ್ಪು. ದಾರವನ್ನು ಹಿಂದಿನಿಂದ ಹಾರಿಸಿದರೆ ಹಿಂಬದಿ ಕೆಟ್ಟಿತು. ದ್ವೀಪಕ್ಕೊಂದು ಹೊಸ ದಾರವೆಂದರೆ, ದೊಡ್ಡ ಶನಿವಾರಗಳಲ್ಲಿ ದಾರದ ತುದಿ ಅಡಗಿಸಲು ಜಾಗವಿದೆ. ಬಸ್ ನಿಲ್ದಾಣದಲ್ಲಿ ಐದು ನಿಮಿಷ ಸಿಕ್ಕಿ ಕೈ ಒತ್ತಿ ಹೋದ ದಿನಕ್ಕೆ ಇರುವುದು ಒಂದೇ ಹೊಲಿಗೆ. ಅದರ ತುದಿಯನ್ನು ಎಲ್ಲಿ ಅಡಗಿಸುವುದು? ಮೊದಲ ಒಗೆತಕ್ಕೆ ಆ ದಿನಗಳೆಲ್ಲ ಬಕೆಟ್ಟಿನ ನೀರಿನಲ್ಲಿ ತೇಲಿದವು.

ನನಗೆ ಕಸೂತಿ ಕಲಿಸಿದ ಧಾರವಾಡದ ಅಕ್ಕ ಯಾವ ಬಟ್ಟೆಯನ್ನೂ ಮೊದಲು ಮಗುಚಿಯೇ ನೋಡುವವರು. "ಇದು ಯಾವ ನಮೂನೆ ತಮ್ಮಾ?" ಎಂದರು. ಮಳೆಯ ಲೆಕ್ಕ ಎಂದೆ. ಅವರು ಬೆರಳಿಟ್ಟು ಎಣಿಸಿದರು. "ಏಳು ಮನೆಗೊಮ್ಮೆಯೇ ಬೀಳುವ ಮಳೆ ಯಾವುದಪ್ಪ?" ನಾನು ಚಹಾ ಕುಡಿದೆ. "ಕೆಳಗೆ ಉದ್ದಕ್ಕೂ ಒಂದು ಗೆರೆ ಎಳೆದುಬಿಡು" ಎಂದರು. ಅಂದಕ್ಕೆಂದು ಗೆರೆ ಎಳೆದರೆ ನಡೆಯದ್ದನ್ನು ನಡೆದಂತೆ ತೋರಿಸಿದ ಹಾಗಾಗುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ.

ಗೆರೆ ಸಿಕ್ಕಿದ್ದು ಮೊಬೈಲಿನಲ್ಲಿ. ದಿನವೂ ರಾತ್ರಿ ಊಟವಾದ ಮೇಲೆ ಅವನಿಗೆ ಫೋನ್ ಮಾಡುತ್ತೇನೆ. ಕರೆಗಳ ಪಟ್ಟಿಯಲ್ಲಿ ತಾರೀಖು, ನಿಮಿಷ ಎಲ್ಲ ತಾನಾಗಿ ದಾಖಲಾಗಿವೆ. ಆ ದಿನ ಒಬ್ಬರಿಗೊಬ್ಬರು ಸಿಕ್ಕರೆ, ಎದುರೋ ಫೋನಿನಲ್ಲೋ, ಒಂದು ಅಡ್ಡ ಹೊಲಿಗೆ. ಸುಳ್ಳಿಲ್ಲ, ಅಲಂಕಾರವಿಲ್ಲ, ಜೂನ್ ಪೂರ್ತಿ ಒಂದೇ ಗೆರೆಯಾಗಿ ಕೂಡಿಕೊಂಡಿತು. ಜುಲೈ ನಡುವೆ ಮಾತ್ರ ತುಂಡಾಗಿದೆ. ಕಾರಣ ಒಂದು ಪ್ರೆಶರ್ ಕುಕ್ಕರ್, ವಿವರ ಬೇಡ. ಅಲ್ಲಿ ದಾರ ಕತ್ತರಿಸಿ ಹಿಂದಿನ ರವಿವಾರದ ಚೌಕದಲ್ಲಿ ತುದಿ ಅಡಗಿಸಿದ್ದೇನೆ. ಬಿರುಕು ಹಾಗೆಯೇ ಕಾಣುತ್ತದೆ, ಕಾಣಲಿ.

ಇನ್ನು ಅಂಗಡಿಯವರ ಕಥೆ. ಉದ್ದ ಅಡ್ಡ ಎರಡಕ್ಕೂ ಸಮ ಎಳೆ ಇರಬೇಕಾದ ಮ್ಯಾಟಿ ಬಟ್ಟೆ ಎಂದು ಕೊಟ್ಟದ್ದರಲ್ಲಿ ಇಂಚಿಗೆ ಉದ್ದಕ್ಕೆ 28 ಎಳೆ, ಅಡ್ಡಕ್ಕೆ 25. ನನ್ನ ಚೌಕಗಳೆಲ್ಲ ಆಯತಗಳಾದವು. ಕೆಂಪು ದಾರದ ಎರಡು ಲಡಿಗಳಿಗೆ ಒಂದೇ ಸಂಖ್ಯೆ, ಬಣ್ಣ ಮಾತ್ರ ಒಂದು ದಾಸವಾಳ, ಒಂದು ಇಟ್ಟಿಗೆ. "ಟ್ಯೂಬ್‌ಲೈಟಿನಲ್ಲಿ ಹಾಗೆ ಕಾಣುತ್ತದೆ ಸರ್" ಎಂದು ಸಮಜಾಯಿಷಿ. ಹೊರಗೆ ಬಿಸಿಲಿಗೆ ತಂದು ತೋರಿಸಿದರೆ, "ಬಿಸಿಲಿನಲ್ಲಿ ಹಾಗೆ ಕಾಣುತ್ತದೆ."

ಕಪ್ಪೇ ಏಕೆಂದು ಕೆಲವರು ಕೇಳಿದ್ದಿರಿ. ಮದುಮಗಳಿಗೆ ಕೊಡುವ ಕಸೂತಿಯ ಚಂದ್ರಕಾಳಿ ಸೀರೆ ಕಪ್ಪು, ಅದಕ್ಕೆ. ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ಬಟ್ಟೆ ಕೊಳ್ಳುವಾಗ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ.

ಆಗಸ್ಟ್ ಪಟ್ಟಿ ಬಾಕಿ ಇರುವಾಗಲೇ ತಲೆ ಕೌದಿಯ ಕಡೆ ಹೊರಳಿದೆ. ನಮ್ಮಿಬ್ಬರ ಹಳೆಯ ಅಂಗಿಗಳ ತುಂಡುಗಳು, ಒಂದೇ ಹಾಸಿಗೆಯಲ್ಲಿ ಮಲಗಿದ ರಾತ್ರಿಗೊಂದು ತುಂಡು, ಯಾರು ಯಾರ ಮೇಲೆ ಕಾಲು ಹಾಕಿದರು ಎಂಬುದಕ್ಕೆ ತುಂಡಿನ ವಾಲು. ಕೌದಿಗೆ ಓಡುಹೊಲಿಗೆ ಸಾಕು, ಹಿಂಬದಿಯ ರಗಳೆ ಇಲ್ಲ. ಅವನು ಎಲ್ಲದಕ್ಕೂ ಒಪ್ಪಿದ್ದಾನೆ, ನೀಲಿ ಚೌಕಳಿ ಅಂಗಿಯೊಂದನ್ನು ಬಿಟ್ಟು. ಕಾಲರ್ ಹರಿದಿದೆ, ಎರಡು ಗುಂಡಿಗಳಿಲ್ಲ, ಆದರೂ ಪ್ರತಿ ಸೋಮವಾರ ಅದನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡೇ ಗದಗದ ಬಸ್ಸು ಹತ್ತುತ್ತಾನೆ. ದೀಪಾವಳಿಗೆ ನಾಲ್ಕು ದಿನ ರಜೆ ಹಾಕಿ ಬರಲಿದ್ದಾನೆ. ಕತ್ತರಿಯನ್ನು ಈಗಾಗಲೇ ಸಾಣೆ ಹಿಡಿಸಿದ್ದೇನೆ.